ಯಾರ ಒಲೆಯ ಕಿಡಿ, ಯಾರ ಅಂಗಡಿಯ ಬೂದಿ?

ಲಂಡನ್ ಸೇತುವೆಯ ಉತ್ತರದ ದಂಡೆಯಲ್ಲಿ, ಥೇಮ್ಸ್ ನದಿಗೆ ಕೂಗಳತೆಯ ದೂರದಲ್ಲಿ, ಪುಡಿಂಗ್ ಲೇನ್ ಎಂಬ ಒಂದು ಸಣ್ಣ ಓಣಿಯುಂಟು. ಹೆಸರನ್ನು ಕೇಳಿದವರಿಗೆ ಸಿಹಿತಿಂಡಿಯ ನೆನಪಾಗುವುದು ಸಹಜ. ಆದರೆ ಈ ಹೆಸರಿಗೂ ಸಿಹಿತಿಂಡಿಗೂ ನಂಟಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಪ್ರಾಣಿಗಳ ಕರುಳಿಗೆ ಪುಡಿಂಗ್ ಎನ್ನುವ ರೂಢಿಯಿದ್ದಿತು. ಸಮೀಪದ ಈಸ್ಟ್‌ಚೀಪ್ ಪೇಟೆಯ ಕಟುಕರು ಕಸಾಯಿಖಾನೆಯ ಹೊಲಸನ್ನು ಈ ಇಳಿಜಾರಿನ ಓಣಿಯ ಮೂಲಕವೇ ನದಿಯ ದೋಣಿಗಳಿಗೆ ಸಾಗಿಸುತ್ತಿದ್ದುದರಿಂದ ಓಣಿಗೆ ಆ ಹೆಸರು ನಿಂತಿತು. ಇಂದು ಅಲ್ಲಿ ಕಟುಕರೂ ಇಲ್ಲ, ಹೊಲಸೂ ಇಲ್ಲ. ಎರಡು ಬದಿಗಳಲ್ಲಿಯೂ ಕಚೇರಿಗಳ ಕಟ್ಟಡಗಳು ನಿಂತಿವೆ. ಗೋಡೆಯಲ್ಲಿ ಒಂದು ಶಿಲಾಫಲಕವನ್ನು ಕಾಣಬಹುದು. ರಾಜನ ರೊಟ್ಟಿಗಾರನ ಅಂಗಡಿ ಈ ಸ್ಥಳದ ಬಳಿ ಇದ್ದಿತೆಂದೂ, 1666ರ ಸೆಪ್ಟೆಂಬರಿನ ಮಹಾಗ್ನಿ ಹುಟ್ಟಿದ್ದು ಅಲ್ಲಿಯೇ ಎಂದೂ ಅದು ತಿಳಿಸುತ್ತದೆ. ಈ ಫಲಕವನ್ನು 1986ರಲ್ಲಿ ಇಡಿಸಿದವರು ಲಂಡನ್ನಿನ ರೊಟ್ಟಿಗಾರರ ಸಂಘದವರೇ.

ಈ ಓಣಿಯಿಂದ ಪಶ್ಚಿಮಕ್ಕೆ ಸುಮಾರು ಒಂದೂವರೆ ಮೈಲಿ ನಡೆದರೆ ಸ್ಟ್ರ್ಯಾಂಡ್ ಬೀದಿಯ ರಾಜ ನ್ಯಾಯಾಲಯಗಳ ಬೃಹತ್ ಸೌಧ ಸಿಕ್ಕುತ್ತದೆ. ಕಾಲಿಗೆ ಇದು ಸುಮಾರು ಅರ್ಧ ಗಂಟೆಯ ದಾರಿ. ಆದರೆ ಒಂದು ಪ್ರಶ್ನೆಗೆ ಈ ದಾರಿಯನ್ನು ಸವೆಸಲು ಶತಮಾನಗಳು ಹಿಡಿದವು. ಒಬ್ಬನ ಮನೆಯಲ್ಲಿ ಹುಟ್ಟಿದ ಬೆಂಕಿ ನೆರೆಯವನ ಅಂಗಡಿಯನ್ನು ಸುಟ್ಟರೆ ಆ ನಷ್ಟವನ್ನು ತೆರಬೇಕಾದವರು ಯಾರು ಎಂಬುದೇ ಆ ಪ್ರಶ್ನೆ.

ರೊಟ್ಟಿಗಾರನ ಓಣಿ

1666ರ ಸೆಪ್ಟೆಂಬರ್ 2, ಭಾನುವಾರ. ನಡುರಾತ್ರಿ ಕಳೆದು ಸ್ವಲ್ಪ ಹೊತ್ತಾಗಿತ್ತು. ನೌಕಾದಳಕ್ಕೆ ಬಿಸ್ಕತ್ತು ಒದಗಿಸುತ್ತಿದ್ದ ಥಾಮಸ್ ಫ್ಯಾರಿನರ್ ಎಂಬ ರೊಟ್ಟಿಗಾರನ ಮನೆಯಲ್ಲಿ ಹೊಗೆ ತುಂಬಿತು. ಮನೆಯವರು ಮಹಡಿಯ ಕಿಟಕಿಯಿಂದ ನೆರೆಮನೆಯ ಚಾವಣಿಗೆ ದಾಟಿ ಪ್ರಾಣ ಉಳಿಸಿಕೊಂಡರು. ದಾಟಲಾರದೆ ಉಳಿದ ಕೆಲಸದ ಹುಡುಗಿ ಆ ಬೆಂಕಿಯ ಮೊದಲ ಬಲಿಯಾದಳು. ಬೇಸಗೆಯೆಲ್ಲ ಮಳೆ ಕಾಣದ ಊರು, ಮರದ ಮನೆಗಳು, ಒಂದರ ಜಂತೆ ಇನ್ನೊಂದಕ್ಕೆ ತಾಗುವಂಥ ಓಣಿಗಳು, ಮೇಲೆ ಪೂರ್ವದಿಂದ ಬೀಸುವ ಬಿರುಗಾಳಿ. ನದೀತೀರದ ಉಗ್ರಾಣಗಳಲ್ಲಿ ಎಣ್ಣೆ, ಕೊಬ್ಬು, ಸಾರಾಯಿ, ಕಲ್ಲಿದ್ದಲು ತುಂಬಿದ್ದವು. ಇಂಥಲ್ಲಿ ಬೆಂಕಿಗೆ ಯಾರ ಆಹ್ವಾನವೂ ಬೇಕಿರಲಿಲ್ಲ.

ಆಗಿನ ಕಾಲದಲ್ಲಿ ಬೆಂಕಿಯನ್ನು ತಡೆಯಲು ತಿಳಿದಿದ್ದ ದೃಢವಾದ ಉಪಾಯ ಒಂದೇ. ಬೆಂಕಿ ಮುಟ್ಟುವ ಮೊದಲೇ ಮುಂದಿನ ಸಾಲಿನ ಮನೆಗಳನ್ನು ಉದ್ದನೆಯ ಕೊಕ್ಕೆಗಳಿಂದ ಎಳೆದು ಕೆಡವಿ ನಡುವೆ ಬಯಲು ಮಾಡಬೇಕು. ನಗರದ ಲಾರ್ಡ್ ಮೇಯರ್ ಸರ್ ಥಾಮಸ್ ಬ್ಲಡ್‌ವರ್ತನನ್ನು ಎಬ್ಬಿಸಿ ಕರೆತಂದರು. ಆತನು ನೋಡಿದನು, ಇದೊಂದು ಕ್ಷುಲ್ಲಕ ಬೆಂಕಿಯೆಂದು ಹಗುರವಾಗಿ ಮಾತನಾಡಿದನು, ಮನೆಗಳನ್ನು ಕೆಡವಲು ಅಪ್ಪಣೆ ಕೊಡದೆ ಹೋದನು. ಆತನನ್ನು ತಡೆದ ಶಂಕೆ ಸಾಮಾನ್ಯವಾದುದಲ್ಲ: ಮಾಲೀಕರ ಒಪ್ಪಿಗೆಯಿಲ್ಲದೆ ಕೆಡವಿದ ಮನೆಗಳನ್ನು ಮತ್ತೆ ಕಟ್ಟಿಸಿಕೊಡುವ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ? ವಿಷಾದವೆಂದರೆ, ಈ ಶಂಕೆಗೆ ನ್ಯಾಯಾಧೀಶರು ಅರವತ್ತು ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿದ್ದರು. ಊರನ್ನು ಉಳಿಸಲು ಉರಿಯುವ ಮನೆಯ ಪಕ್ಕದ ಮನೆಯನ್ನು ಕೆಡವಿದವನ ಮೇಲೆ ದಾವೆ ನಡೆಯದೆಂದು ಅವರು 1606ರಲ್ಲಿಯೇ ಹೇಳಿದ್ದರು. ಗ್ರಂಥದಲ್ಲಿದ್ದ ಆ ಮಾತು ಆ ರಾತ್ರಿ ಓಣಿಗೆ ಬರಲಿಲ್ಲ. ಬೆಳಗಾದ ಮೇಲೆ ಸ್ಯಾಮ್ಯುಯೆಲ್ ಪೀಪ್ಸ್ ಎಂಬ ನೌಕಾಧಿಕಾರಿ ಅರಮನೆಗೆ ಹೋಗಿ, ಮನೆಗಳನ್ನು ಕೆಡವಬೇಕೆಂಬ ದೊರೆಯ ಆಜ್ಞೆಯನ್ನು ಹೊತ್ತು ತರುವ ವೇಳೆಗೆ ಬೆಂಕಿ ಕೊಕ್ಕೆಗಳನ್ನು ಮೀರಿ ಓಡುತ್ತಿತ್ತು.

ನಾಲ್ಕು ದಿನಗಳಲ್ಲಿ 13,200 ಮನೆಗಳು, 87 ಚರ್ಚುಗಳು, ಸಂತ ಪಾಲನ ಮಹಾದೇವಾಲಯ ಮತ್ತು ವರ್ತಕರ ರಾಯಲ್ ಎಕ್ಸ್‌ಚೇಂಜ್ ಸುಟ್ಟುಹೋದವು. ಪುಸ್ತಕದ ವ್ಯಾಪಾರಿಗಳು, ಬಟ್ಟೆಯ ವ್ಯಾಪಾರಿಗಳು, ಅಕ್ಕಸಾಲಿಗರು ಒಂದೇ ವಾರದಲ್ಲಿ ಬಯಲಿಗೆ ಬಂದರು.

ಕಾನೂನು ಆಗ ಏನು ಹೇಳುತ್ತಿತ್ತು? ಅದರ ಮಾತು ಬಹಳ ಕಠಿಣವಾಗಿತ್ತು. 1401ರಲ್ಲಿ ಬೊಲ್ಯೂ ಎಂಬಾತನು ಫಿಂಗ್‌ಲಮ್ ಎಂಬಾತನ ಮೇಲೆ ಹೂಡಿದ ದಾವೆಯಲ್ಲಿ ಅದು ಸ್ಪಷ್ಟವಾಗಿದ್ದಿತು. ರಾಜ್ಯದ ರೂಢಿಯಂತೆ ಪ್ರತಿಯೊಬ್ಬನೂ ತನ್ನ ಬೆಂಕಿಯನ್ನು ತಾನೇ ಕಾಯತಕ್ಕದ್ದು. ತಾನಾಗಲಿ, ತನ್ನ ಆಳಾಗಲಿ, ತನ್ನ ಅತಿಥಿಯಾಗಲಿ ಹೊತ್ತಿಸಿದ ಬೆಂಕಿ ನೆರೆಯವನನ್ನು ಸುಟ್ಟರೆ ಮನೆಯ ಯಜಮಾನನೇ ಹೊಣೆ. ಹೊರಗಿನ ಅಪರಿಚಿತನು ಹಚ್ಚಿದ ಬೆಂಕಿಗೆ ಮಾತ್ರ ಆತನು ಹೊಣೆಯಲ್ಲ. ಇಷ್ಟು ಕಠಿಣವಾದರೆ ಪ್ರತಿವಾದಿ ಹಾಳಾಗಿ ಹೋಗುವನೆಂದು ವಕೀಲನು ಬೇಡಿಕೊಂಡಾಗ, ನ್ಯಾಯಾಧೀಶ ಥರ್ನಿಂಗನು ಮಣಿಯಲಿಲ್ಲ. ಒಬ್ಬನಿಗಾಗಿ ಕಾನೂನನ್ನು ಬದಲಿಸುವುದಕ್ಕಿಂತ ಆತನೊಬ್ಬನು ಹಾಳಾಗುವುದೇ ಲೇಸು ಎಂಬುದು ಆತನ ಉತ್ತರದ ತಾತ್ಪರ್ಯ.

ಒಂದು ಹಟ್ಟಿಗೆ, ಒಂದು ಬಣವೆಗೆ ಈ ನಿಯಮ ಸಾಕಾಗಿದ್ದಿತು. ಇಡೀ ನಗರ ಉರಿದಾಗ ಅದು ಏನು ಮಾಡೀತು? ಅಂದು ಆದ ನಷ್ಟ ಒಂದು ಕೋಟಿ ಪೌಂಡ್ ಎಂಬ ಅಂದಾಜುಂಟು. ಒಬ್ಬ ರೊಟ್ಟಿಗಾರನ ತಿಜೋರಿಯಿಂದ ಅದರ ಬಡ್ಡಿಯೂ ಹುಟ್ಟದು.

ಸ್ಮಾರಕಸ್ತಂಭ

ಓಣಿಯ ಪಕ್ಕದಲ್ಲಿಯೇ, ಮೂಲೆ ತಿರುಗಿದೊಡನೆ, ಮಾನ್ಯುಮೆಂಟ್ ಎಂಬ ಬಿಳಿಯ ಕಲ್ಲಿನ ಸ್ತಂಭ ತಲೆಯೆತ್ತಿ ನಿಂತಿದೆ. ಕ್ರಿಸ್ಟೋಫರ್ ರೆನ್ ಮತ್ತು ರಾಬರ್ಟ್ ಹುಕ್ ಇದರ ಶಿಲ್ಪಿಗಳು. 1677ರಲ್ಲಿ ಪೂರ್ಣಗೊಂಡ ಇದರ ಎತ್ತರ 202 ಅಡಿ. ಬೆಂಕಿ ಹುಟ್ಟಿದ ಜಾಗಕ್ಕೂ ಇದರ ಬುಡಕ್ಕೂ ಇರುವ ದೂರವೂ ಅಷ್ಟೇ. ಒಳಗಿನ 311 ಮೆಟ್ಟಲುಗಳನ್ನು ಹತ್ತಿದವರಿಗೆ ತುದಿಯಲ್ಲಿ ನಗರದ ನೋಟ ದೊರೆಯುತ್ತದೆ. ಆದರೆ ಈ ಸ್ತಂಭದ ಮುಖ್ಯವಾದ ಪಾಠ ಇರುವುದು ತುದಿಯಲ್ಲಲ್ಲ, ಬುಡದಲ್ಲಿ.

ನಷ್ಟಕ್ಕೆ ಹೊಣೆಗಾರನು ಸಿಕ್ಕದಿದ್ದರೆ ಜನಕ್ಕೆ ಅಪರಾಧಿಯೊಬ್ಬನು ಬೇಕಾಗುತ್ತಾನೆ. ಒಲೆಯ ಬೆಂಕಿಯನ್ನೆಲ್ಲ ಕೆದಕಿ ನಂದಿಸಿಯೇ ಮಲಗಿದ್ದೆನೆಂದು ಫ್ಯಾರಿನರ್ ಕೊನೆಯವರೆಗೂ ಸಾಧಿಸಿದನು. ಅಷ್ಟರಲ್ಲಿ ರಾಬರ್ಟ್ ಹ್ಯೂಬರ್ಟ್ ಎಂಬ ಫ್ರೆಂಚ್ ಗಡಿಯಾರದ ಕೆಲಸಗಾರನು, ಬೆಂಕಿಯಿಟ್ಟವನು ತಾನೇ ಎಂದು ಒಪ್ಪಿಕೊಂಡನು. ಆತನ ಬುದ್ಧಿ ಸ್ಥಿಮಿತದಲ್ಲಿಲ್ಲವೆಂಬುದನ್ನು ಬಲ್ಲವರು ಬಲ್ಲರು. ಆದರೂ 1666ರ ಅಕ್ಟೋಬರಿನಲ್ಲಿ ಆತನನ್ನು ಗಲ್ಲಿಗೇರಿಸಿದರು. ಆತನ ಮೇಲಿನ ಆರೋಪಪತ್ರಕ್ಕೆ ರುಜು ಹಾಕಿದವರಲ್ಲಿ ಫ್ಯಾರಿನರ್ ಕುಟುಂಬದವರೂ ಇದ್ದರು. ಬೆಂಕಿ ಹೊತ್ತಿ ಎರಡು ದಿನಗಳಾದ ಮೇಲಷ್ಟೇ ಹ್ಯೂಬರ್ಟ್ ಲಂಡನ್ನಿನ ನೆಲವನ್ನು ಮೆಟ್ಟಿದನೆಂಬ ಸಂಗತಿ ಆತನನ್ನು ಕರೆತಂದ ಹಡಗಿನ ಕಪ್ತಾನನಿಂದ ಅನಂತರ ಹೊರಬಿದ್ದಿತು. ದೇವರ ಕೈವಾಡ, ಬಿರುಗಾಳಿ, ಒಣಗಿದ ಋತು ಇವೇ ಕಾರಣಗಳೆಂದು ದೊರೆಯ ಮಂತ್ರಾಲೋಚನಾ ಸಭೆ ಕೊನೆಗೆ ನಿರ್ಣಯಿಸಿತು. ಆದರೂ 1681ರಲ್ಲಿ ಈ ಸ್ತಂಭದ ಬುಡದಲ್ಲಿ ಕ್ಯಾಥೊಲಿಕರೇ ಊರನ್ನು ಸುಟ್ಟರೆಂಬ ಮಾತನ್ನು ಕೆತ್ತಿಸಿದರು. ಅದನ್ನು ಅಳಿಸುವ ನಿರ್ಧಾರಕ್ಕೆ ನಗರಸಭೆ ಬಂದದ್ದು 1830ರಲ್ಲಿ. ಕಲ್ಲಿನ ಮೇಲೆ ಬರೆದ ಸುಳ್ಳು ಬೆಂಕಿಗಿಂತ ಹೆಚ್ಚು ಕಾಲ ಉರಿಯಿತು.

ನದಿಯ ಆಚೆಯ ದಡ

ಸ್ತಂಭದಿಂದ ದಕ್ಷಿಣಕ್ಕೆ ಲಂಡನ್ ಸೇತುವೆಯನ್ನು ದಾಟಿದರೆ ಎಡಕ್ಕೆ ಟೂಲಿ ಬೀದಿ. ಮಹಾಗ್ನಿಯ ಬಳಿಕ ಈ ನಗರ ಕಂಡ ಘೋರವಾದ ಬೆಂಕಿಗಳಲ್ಲಿ ಒಂದು ಇಲ್ಲಿಯೇ, 1861ರ ಜೂನ್ 22ರಂದು, ಕಾಟನ್ಸ್ ವಾರ್ಫ್ ಎಂಬ ಹಡಗುಕಟ್ಟೆಯ ಉಗ್ರಾಣದಲ್ಲಿ ಹುಟ್ಟಿತು. ಸೆಣಬು, ಹತ್ತಿ, ಸಕ್ಕರೆ, ಕೊಬ್ಬು, ಪೆಟ್ಲುಪ್ಪು ಮಹಡಿ ಮಹಡಿಗಳಲ್ಲಿ ತುಂಬಿದ್ದವು. ಉಗ್ರಾಣಗಳ ನಡುವೆ ಬೆಂಕಿಯನ್ನು ತಡೆಯಲೆಂದೇ ಇಟ್ಟಿದ್ದ ಕಬ್ಬಿಣದ ಬಾಗಿಲುಗಳನ್ನು ತೆರೆದಿಟ್ಟಿದ್ದರಿಂದ ಬೆಂಕಿ ಒಂದರಿಂದ ಒಂದಕ್ಕೆ ಸರಾಗವಾಗಿ ಹಬ್ಬಿತೆಂದು ಹೇಳುತ್ತಾರೆ. ಕರಗಿದ ಕೊಬ್ಬು ಉರಿಯುತ್ತಲೇ ನದಿಗೆ ಇಳಿದು ನೀರಿನ ಮೇಲೆ ತೇಲಿತು. ಅಗ್ನಿಶಾಮಕ ದಳದ ನಾಯಕ ಜೇಮ್ಸ್ ಬ್ರೈಡ್‌ವುಡ್ ಕುಸಿದ ಗೋಡೆಯ ಕೆಳಗೆ ಸಿಕ್ಕಿ ಮಡಿದನು. ಆತನ ನೆನಪಿನ ಕಲ್ಲು ಬೀದಿಯ ಒಂದು ಮೂಲೆಯಲ್ಲಿ ಇಂದಿಗೂ ಇದೆ. ಬೆಂಕಿ ಪೂರ್ಣವಾಗಿ ಆರಲು ಎರಡು ವಾರಗಳು ಹಿಡಿದವು. ನಷ್ಟ ಸುಮಾರು ಇಪ್ಪತ್ತು ಲಕ್ಷ ಪೌಂಡ್.

ಈ ಬಾರಿ ನಷ್ಟದ ಭಾರ ಬಿದ್ದದ್ದು ವಿಮಾ ಕಂಪನಿಗಳ ಮೇಲೆ. ಮಹಾಗ್ನಿಯ ಬೂದಿಯಿಂದಲೇ ಹುಟ್ಟಿದ ವ್ಯಾಪಾರವಿದು. ನಿಕೊಲಾಸ್ ಬಾರ್ಬನ್ ಎಂಬಾತನು 1680ರ ಸುಮಾರಿಗೆ ಬೆಂಕಿಯ ವಿಮೆಯ ಕಚೇರಿಯನ್ನು ತೆರೆದಿದ್ದನು. ಬ್ರೈಡ್‌ವುಡ್‌ನ ದಳವನ್ನು ಸಾಕುತ್ತಿದ್ದವರೂ ವಿಮಾ ಕಂಪನಿಗಳವರೇ. ಟೂಲಿ ಬೀದಿಯ ಏಟನ್ನು ತಿಂದ ಮೇಲೆ ಅವರು ಕಂತುಗಳನ್ನು ಏರಿಸಿದರು. ಊರಿನ ಬೆಂಕಿಯನ್ನು ಆರಿಸುವ ಹೊರೆಯನ್ನು ಇನ್ನು ಹೊರಲಾರೆವೆಂದು ಸರಕಾರಕ್ಕೆ ತಿಳಿಸಿದರು. ಅದರ ಫಲವಾಗಿ 1865ರ ಶಾಸನ ಬಂದಿತು. 1866ರ ಜನವರಿಯಿಂದ ಲಂಡನ್ನಿಗೆ ಸಾರ್ವಜನಿಕ ಅಗ್ನಿಶಾಮಕ ದಳ ದೊರೆಯಿತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ಆದರೆ ತೋಡಿದ ಬಾವಿ ಮುಂದಿನವರಿಗೆ ಉಳಿಯಿತು.

ಬೆಂಕಿಯ ನ್ಯಾಯಾಲಯ

ಸೇತುವೆಯನ್ನು ಮರಳಿ ದಾಟಿ, ಪಶ್ಚಿಮಕ್ಕೆ ಕ್ಯಾನನ್ ಬೀದಿಯನ್ನೂ ಸಂತ ಪಾಲನ ದೇವಾಲಯವನ್ನೂ ಹಾದು ಫ್ಲೀಟ್ ಬೀದಿಯಲ್ಲಿ ನಡೆದರೆ ದಾರಿಹೋಕನು ಮತ್ತೆ 1666ಕ್ಕೆ ಬರುತ್ತಾನೆ. ಫೆಟರ್ ಲೇನಿನ ಆಸುಪಾಸಿನಲ್ಲಿ ಮಹಾಗ್ನಿ ನಿಂತಿತು. ಅಲ್ಲಿಯೇ, ಸಂತ ಡನ್‌ಸ್ಟನ್ನನ ಚರ್ಚಿನ ಪಕ್ಕದ ಸಂದಿಯಲ್ಲಿ, ಒಂದು ಹಳೆಯ ಹೆಬ್ಬಾಗಿಲುಂಟು. ಅದು ಕ್ಲಿಫರ್ಡ್ಸ್ ಇನ್ ಎಂಬ ಪುರಾತನ ವಕೀಲರ ಮಠದ್ದು. ಒಳಗಿನ ಸಭಾಮಂದಿರವನ್ನು 1934ರಲ್ಲಿ ಕೆಡವಿದರು. ಬಾಗಿಲು ಮಾತ್ರ ಉಳಿದಿದೆ.

ಬೆಂಕಿ ಆರಿದ ಮೇಲೆ ಎದ್ದ ಜಗಳ ಸೋಜಿಗದ್ದು. ಬಾಡಿಗೆದಾರನ ಅಂಗಡಿ ಸುಟ್ಟುಹೋಗಿದೆ. ಆದರೆ ಕರಾರುಪತ್ರದಂತೆ ಆತನು ಬಾಡಿಗೆಯನ್ನು ತೆರುತ್ತಲೇ ಇರಬೇಕು; ಮೇಲಾಗಿ ಕಟ್ಟಡವನ್ನು ತಾನೇ ಕಟ್ಟಿಸಿಕೊಡಬೇಕು. ಮಾಲು ಹೋಯಿತು, ವ್ಯಾಪಾರ ಹೋಯಿತು, ಬೂದಿಗೂ ಬಾಡಿಗೆ! ಸಾಮಾನ್ಯ ನ್ಯಾಯಾಲಯಗಳಿಗೆ ಹೋದರೆ ಒಂದೊಂದು ದಾವೆಗೂ ವರ್ಷಗಳು ಬೇಕು. ಅಷ್ಟರವರೆಗೆ ಊರು ಬಯಲಾಗಿಯೇ ಇರಬೇಕು. ಆದಕಾರಣ ಪಾರ್ಲಿಮೆಂಟು ವಿಶೇಷ ಶಾಸನದಿಂದ ಬೆಂಕಿಯ ನ್ಯಾಯಾಲಯವೊಂದನ್ನು ಸ್ಥಾಪಿಸಿತು. 1667ರ ಫೆಬ್ರವರಿಯಲ್ಲಿ ಅದು ಈ ಕ್ಲಿಫರ್ಡ್ಸ್ ಇನ್ನಿನಲ್ಲಿ ಸೇರಿತು. ರಾಜ್ಯದ ನ್ಯಾಯಾಧೀಶರಲ್ಲಿ ಯಾವ ಮೂವರು ಕೂಡಿದರೂ ತೀರ್ಪು ಕೊಡಬಹುದಾಗಿತ್ತು. ಅವರು ಸಂಬಳವನ್ನು ಪಡೆಯಲಿಲ್ಲ. ವಿಧಿವಿಧಾನಗಳ ತೊಡಕುಗಳನ್ನು ಬದಿಗಿಟ್ಟರು.

ಅವರು ಕೇಳಿದ್ದು ತಪ್ಪು ಯಾರದೆಂದಲ್ಲ, ಕಟ್ಟಬಲ್ಲವರು ಯಾರೆಂದು. ಬಾಡಿಗೆದಾರನು ಕಟ್ಟಲು ಮುಂದಾದರೆ ಆತನ ಬಾಡಿಗೆಯನ್ನು ತಗ್ಗಿಸಿ ಅವಧಿಯನ್ನು ಬೆಳೆಸಿದರು. ಮಾಲೀಕನೇ ಕಟ್ಟುವುದಾದರೆ ಬಾಡಿಗೆದಾರನನ್ನು ಕರಾರಿನಿಂದ ಬಿಡಿಸಿದರು. ನಷ್ಟವನ್ನು ಒಬ್ಬನ ಮೇಲೆ ಹೊರಿಸದೆ ಇಬ್ಬರಿಗೂ ಹಂಚಿದರು. ಅದೇ ವರ್ಷದ ಪುನರ್ನಿರ್ಮಾಣ ಶಾಸನ ಮರದ ಗೋಡೆಗಳ ಬದಲು ಇಟ್ಟಿಗೆ ಕಲ್ಲುಗಳ ಗೋಡೆಗಳನ್ನು ವಿಧಿಸಿತು. ಎರಡು ಮನೆಗಳ ನಡುವಿನ ಗೋಡೆಯನ್ನು ಮೊದಲು ಕಟ್ಟಿದವನಿಗೆ ನೆರೆಯವನು ಅರ್ಧ ಖರ್ಚನ್ನು ಬಡ್ಡಿಸಹಿತ ಕೊಡತಕ್ಕದ್ದೆಂದೂ ಆಯಿತು. ಬೆಂಕಿಯನ್ನು ತಡೆಯುವ ಗೋಡೆ ಇಬ್ಬರದೂ ಹೌದು ಎಂಬ ಈ ಸರಳ ವಿವೇಕಕ್ಕೆ ಒಂದು ನಗರವನ್ನೇ ಬೆಲೆಯಾಗಿ ತೆತ್ತಂತಾಯಿತು. ಕೃತಜ್ಞರಾದ ನಗರದವರು ಇಪ್ಪತ್ತೆರಡು ನ್ಯಾಯಾಧೀಶರ ಭಾವಚಿತ್ರಗಳನ್ನು ಬರೆಸಿ ಗಿಲ್ಡ್‌ಹಾಲಿನಲ್ಲಿ ತೂಗುಹಾಕಿದರು. ನ್ಯಾಯಾಧೀಶರಿಗೆ ಕಕ್ಷಿಗಾರರು ಇಂಥ ಮರ್ಯಾದೆ ಮಾಡಿದ ನಿದರ್ಶನಗಳು ವಿರಳ.

'ಆಕಸ್ಮಿಕ' ಎಂಬ ಒಂದು ಪದ

ಹಳೆಯ ಕಠಿಣ ನಿಯಮವನ್ನು ಸಡಿಲಿಸುವ ಕಾಲ ಆಮೇಲೆ ಬಂದಿತು. ತನ್ನ ಮನೆಯಲ್ಲಿ ಆಕಸ್ಮಿಕವಾಗಿ ಬೆಂಕಿ ಹುಟ್ಟಿದವನ ಮೇಲೆ ದಾವೆ ಕೂಡದೆಂದು 1707ರ ಶಾಸನ ಸಾರಿತು. ತನ್ನ ಮನೆಯೂ ಸುಟ್ಟು, ಊರಿನ ನಷ್ಟವನ್ನೂ ತೆರಬೇಕಾದವನ ಮೇಲೆ ಪಾರ್ಲಿಮೆಂಟಿಗೆ ಕನಿಕರ ಹುಟ್ಟಿತು. ಆದರೆ ಅದೇ ಶಾಸನ ಆಳುಕಾಳುಗಳಿಗೆ ಕನಿಕರ ತೋರಲಿಲ್ಲ. ಅಜಾಗರೂಕತೆಯಿಂದ ಮನೆಗೆ ಬೆಂಕಿ ತಗುಲಿಸಿದ ಸೇವಕನು 100 ಪೌಂಡ್ ದಂಡ ತೆರಬೇಕು, ತೆರಲಾರದಿದ್ದರೆ ಹದಿನೆಂಟು ತಿಂಗಳು ಕಠಿಣ ದುಡಿಮೆ. ಯಜಮಾನನ ತಲೆಯಿಂದ ಇಳಿದ ಹೊರೆ ಅಡಿಗೆಯವಳ ತಲೆಗೆ ಏರಿತು.

1774ರ ಶಾಸನ ಯಜಮಾನನಿಗೆ ಕೊಟ್ಟ ರಕ್ಷಣೆಯನ್ನು ಮತ್ತೆ ವಿಧಿಸಿತು. ಅದರ 86ನೆಯ ಕಲಮು ಇಂಗ್ಲೆಂಡಿನಲ್ಲಿ ಇಂದಿಗೂ ಜಾರಿಯಲ್ಲಿದೆ. ಎಲ್ಲವೂ ನಿಂತಿರುವುದು 'ಆಕಸ್ಮಿಕ' ಎಂಬ ಒಂದು ಪದದ ಮೇಲೆ. ಅಲಕ್ಷ್ಯದಿಂದ ಹತ್ತಿದ ಬೆಂಕಿಯೂ ಆಕಸ್ಮಿಕವೇ? 1847ರಲ್ಲಿ ನ್ಯಾಯಾಲಯ ಅಲ್ಲವೆಂದಿತು. ತನ್ನ ಜಮೀನಿನಲ್ಲಿ ತಾನೇ ಬೆಂಕಿ ಹಾಕಿ, ಅದನ್ನು ಕಾಯದೆ ನೆರೆಯವನ ಜಮೀನಿಗೆ ಹಬ್ಬಗೊಟ್ಟವನ ಮೊಕದ್ದಮೆಯದು. ಕೇವಲ ದೈವಯೋಗದಿಂದ ಹುಟ್ಟಿದ ಬೆಂಕಿ, ಅಥವಾ ಮೂಲವನ್ನು ಹುಡುಕಲಾಗದ ಬೆಂಕಿ ಮಾತ್ರ ಆಕಸ್ಮಿಕವೆಂದು ಅಂದು ತೀರ್ಮಾನವಾಯಿತು.

ಈ ಗೆರೆ ಎಷ್ಟು ಸಣ್ಣದೆಂಬುದಕ್ಕೆ ಕೆಲವು ಮೊಕದ್ದಮೆಗಳು ಸಾಕ್ಷಿ. ಒಬ್ಬ ಬಾಡಿಗೆದಾರನು ಅಗ್ಗಿಷ್ಟಿಕೆಯಲ್ಲಿ ಎಂದಿನಂತೆ ಬೆಂಕಿಯಿರಿಸಿ ಹೊರಗೆ ಹೋದನು. ಕಿಡಿ ಹಾರಿ ಮನೆ ಸುಟ್ಟಿತು. 1947ರಲ್ಲಿ ಆತನು ಹೊಣೆಯಲ್ಲವೆಂದಾಯಿತು. ಇನ್ನೊಬ್ಬನ ಮೋಟಾರು ಷೆಡ್ಡಿನಲ್ಲಿ ಗಾಡಿಯನ್ನು ಚಾಲು ಮಾಡಿದೊಡನೆ ಕಾರ್ಬ್ಯುರೇಟರಿನ ಪೆಟ್ರೋಲಿಗೆ ಬೆಂಕಿ ಹತ್ತಿತು. ಅದು ಆಕಸ್ಮಿಕ. ಆದರೆ ಕೂಡಲೇ ಪೆಟ್ರೋಲಿನ ನಲ್ಲಿಯನ್ನು ತಿರುಗಿಸಿ ನಿಲ್ಲಿಸದೆ ಹೋದ ಚಾಲಕನಿಂದ ಮೇಲಿನ ಮನೆಯವನ ಸಾಮಾನೆಲ್ಲ ಸುಟ್ಟಿತು. 1919ರಲ್ಲಿ ಯಜಮಾನನೇ ಹೊಣೆಯಾದನು. ಹೆಪ್ಪುಗಟ್ಟಿದ ನೀರಿನ ಕೊಳವೆಯನ್ನು ಕರಗಿಸಲು ಕರೆಸಿದ ಕೆಲಸಗಾರನು ಊದುದೀಪದಿಂದ ಅಟ್ಟಕ್ಕೆ ಬೆಂಕಿ ತಗುಲಿಸಿ, ಅದು ಪಕ್ಕದ ಮನೆಗೆ ಹಬ್ಬಿದಾಗ, ಕರೆಸಿದವನು ತಪ್ಪಿಸಿಕೊಳ್ಳಲಾರನೆಂದು 1957ರಲ್ಲಿ ನಿರ್ಣಯವಾಯಿತು. ಆಸ್ಟ್ರೇಲಿಯದಲ್ಲಿ ಸಿಡಿಲು ಬಡಿದು ಹೊತ್ತಿದ ಮರವನ್ನು ಕಡಿದು ಉರುಳಿಸಿದ ಜಮೀನ್ದಾರನು, ನೀರು ಹಾಕದೆ ತಾನಾಗಿಯೇ ಆರಲೆಂದು ಬಿಟ್ಟನು. ಗಾಳಿಯೆದ್ದು ನೆರೆಯ ಜಮೀನುಗಳು ಸುಟ್ಟವು. ಸಿಡಿಲು ಆತನದಲ್ಲ, ಆದರೆ ಉದಾಸೀನ ಆತನದೇ ಎಂದು 1966ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಹೇಳಿತು.

ಇಲ್ಲಿಂದ ಹೊರಡುವ ಸೂತ್ರ ಒಂದೇ. ಬೆಂಕಿ ಹೇಗೆ ಹುಟ್ಟಿತೆಂಬುದಷ್ಟೇ ಸಾಲದು. ಹುಟ್ಟಿದ ಮೇಲೆ ಯಜಮಾನನು ಏನು ಮಾಡಿದನೆಂಬುದನ್ನೂ ನ್ಯಾಯ ಕೇಳುತ್ತದೆ. ಆದರೆ ಅಲಕ್ಷ್ಯವನ್ನು ರುಜುವಾತುಪಡಿಸುವ ಹೊರೆ ಮಾತ್ರ ನಷ್ಟಪಟ್ಟವನದು. ದುರ್ದೈವವೆಂದರೆ, ಸಾಕ್ಷ್ಯವೂ ಅಂಗಡಿಯೊಡನೆಯೇ ಸುಟ್ಟುಹೋಗಿರುತ್ತದೆ.

ಸ್ಟ್ರ್ಯಾಂಡಿನ ತೀರ್ಪು

ಹೆಬ್ಬಾಗಿಲಿನಿಂದ ಕೆಲವೇ ನಿಮಿಷಗಳ ನಡಿಗೆಯಲ್ಲಿ, 1882ರಲ್ಲಿ ವಿಕ್ಟೋರಿಯ ರಾಣಿ ತೆರೆದ ನ್ಯಾಯಸೌಧದ ಕಮಾನುಗಳು ಕಾಣುತ್ತವೆ. ಅಲ್ಲಿಯ ಅಪೀಲು ನ್ಯಾಯಾಲಯ 2012ರಲ್ಲಿ ಇದೇ ಹಳೆಯ ಪ್ರಶ್ನೆಯನ್ನು ಮತ್ತೊಮ್ಮೆ ಎದುರಿಸಿತು. ಹೆರಿಫರ್ಡ್ ಪಟ್ಟಣದ ಒಬ್ಬ ಟಯರ್ ವ್ಯಾಪಾರಿಯ ಮಳಿಗೆಯಲ್ಲಿ ಸುಮಾರು 3,000 ಟಯರುಗಳು ತುಂಬಿದ್ದವು. 2008ರಲ್ಲಿ ವಿದ್ಯುತ್ ತಂತಿಯ ದೋಷದಿಂದ ಬೆಂಕಿ ಹುಟ್ಟಿ, ಟಯರುಗಳಿಗೆ ತಗುಲಿ, ಪಕ್ಕದ ಮಳಿಗೆಯವನ ಉದ್ಯಮವನ್ನೂ ಸುಟ್ಟಿತು. ವ್ಯಾಪಾರಿಯ ಅಲಕ್ಷ್ಯ ಸಿದ್ಧವಾಗಲಿಲ್ಲ. ಆದರೂ ಕೆಳಗಿನ ನ್ಯಾಯಾಲಯ ಆತನನ್ನೇ ಹೊಣೆಗಾರನನ್ನಾಗಿ ಮಾಡಿತು.

ಅದಕ್ಕೆ ಆಧಾರ 1868ರ ಒಂದು ಪ್ರಸಿದ್ಧ ತೀರ್ಪು. ಗಿರಣಿಯ ಮಾಲೀಕನೊಬ್ಬನು ಕಟ್ಟಿಸಿದ ಜಲಾಶಯದ ನೀರು ನೆರೆಯವನ ಗಣಿಗೆ ನುಗ್ಗಿದಾಗ, ಅಪಾಯಕಾರಿ ವಸ್ತುವನ್ನು ಅಸಾಧಾರಣ ರೀತಿಯಲ್ಲಿ ತನ್ನ ನೆಲಕ್ಕೆ ತಂದವನು, ಅದು ತಪ್ಪಿಸಿಕೊಂಡು ಹೋದರೆ ತಪ್ಪಿಲ್ಲದೆಯೂ ಹೊಣೆಯೆಂದು ಆಗ ನಿರ್ಣಯವಾಗಿದ್ದಿತು. ಅಪೀಲು ನ್ಯಾಯಾಲಯ ಇದನ್ನು ಟಯರ್ ವ್ಯಾಪಾರಿಗೆ ಅನ್ವಯಿಸಲು ಒಪ್ಪಲಿಲ್ಲ. ಆತನು ತಂದದ್ದು ಟಯರುಗಳನ್ನು. ಅವು ಹೊರಗೆ ಹೋಗಲಿಲ್ಲ. ಹೊರಗೆ ಹೋದದ್ದು ಬೆಂಕಿ. ಅದನ್ನು ಆತನು ತರಲಿಲ್ಲ. ಟಯರ್ ವ್ಯಾಪಾರಿ ಟಯರುಗಳನ್ನು ಕೂಡಿಡುವುದರಲ್ಲಿ ಅಸಾಧಾರಣವೇನೂ ಇಲ್ಲ. ಕಟ್ಟಕಡೆಗೆ ನ್ಯಾಯಮೂರ್ತಿ ವಾರ್ಡ್ ಹೇಳಿದ ನೀತಿ ವ್ಯಾಪಾರದ ಮಾತಿನಂತೆ ಸರಳವಾಗಿತ್ತು: ಪ್ರತಿಯೊಬ್ಬನೂ ತನ್ನ ಅಂಗಡಿಗೆ ತಾನೇ ಬೆಂಕಿಯ ವಿಮೆ ಮಾಡಿಸಿಕೊಳ್ಳುವುದು ಲೇಸು.

ಭಾರತದ ನ್ಯಾಯಾಲಯಗಳು ಈ ಇಂಗ್ಲಿಷ್ ನ್ಯಾಯವನ್ನೇ ಬಳುವಳಿಯಾಗಿ ಪಡೆದವು. ಆದರೆ ಒಂದು ಕವಲಿನಲ್ಲಿ ಬೇರೆಯ ದಾರಿಯನ್ನು ಹಿಡಿದವು. 1985ರ ಡಿಸೆಂಬರಿನಲ್ಲಿ ದೆಹಲಿಯ ಕಾರ್ಖಾನೆಯೊಂದರಿಂದ ಓಲಿಯಮ್ ಅನಿಲ ಸೋರಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1986ರಲ್ಲಿ ಹೀಗೆ ನಿರ್ಣಯಿಸಿತು: ಅಪಾಯಕಾರಿ ಉದ್ಯಮವನ್ನು ಲಾಭಕ್ಕಾಗಿ ನಡೆಸುವವನು ಅದರಿಂದಾದ ಹಾನಿಗೆ ಸಂಪೂರ್ಣ ಹೊಣೆ, 1868ರ ತೀರ್ಪನ್ನು ಅನುಸರಿಸಿ ಬೆಳೆದ ವಿನಾಯಿತಿಗಳಾವುವೂ ಆತನಿಗೆ ದೊರೆಯುವುದಿಲ್ಲ. ಲಂಡನ್ನಿನಲ್ಲಿ ಕುಗ್ಗಿದ ಹಳೆಯ ಕಠಿಣ ನಿಯಮ ದೆಹಲಿಯಲ್ಲಿ ಹೊಸ ರೂಪದಲ್ಲಿ ಹುಟ್ಟಿತೆನ್ನಬಹುದು. ಆದರೆ ಅದು ಅಪಾಯಕಾರಿ ಕಾರ್ಖಾನೆಗಳ ಮಾತು. ಸಾಧಾರಣ ಅಂಗಡಿಯ ಬೆಂಕಿಗೆ ಅದನ್ನು ಹೇಳಿದುದಲ್ಲ.

ತಪ್ಪಿಲ್ಲದ ಇಬ್ಬರಲ್ಲಿ ನಷ್ಟ ಯಾರದೆಂಬ ಪ್ರಶ್ನೆಗೆ ಇಂಗ್ಲೆಂಡಿನ ನ್ಯಾಯ ಇಂದು ಕೊಡುವ ಉತ್ತರ ನೆರೆಯವನಿಗೆ ಕಹಿಯಾಗಿಯೇ ಇದೆ: ಅವರವರ ಬೂದಿ ಅವರವರದು. 1401ರ ನ್ಯಾಯಾಧೀಶನು ಇದನ್ನು ಒಪ್ಪುತ್ತಿರಲಿಲ್ಲ. ಕ್ಲಿಫರ್ಡ್ಸ್ ಇನ್ನಿನ ನ್ಯಾಯಾಧೀಶರು ಬಹುಶಃ ಇಬ್ಬರನ್ನೂ ಕೂಡಿಸಿ ಮಾತನಾಡಿಸುತ್ತಿದ್ದರು. ದಾವೆಯಿಂದ ನಷ್ಟ ತುಂಬುವುದು ಅಪರೂಪ. ನಡುವಿನ ಗೋಡೆ, ಮುಚ್ಚಿದ ಕಬ್ಬಿಣದ ಬಾಗಿಲು, ಮಲಗುವ ಮುನ್ನ ಕೆದಕಿ ನೋಡಿದ ಒಲೆ ಇವೇ ನೆರೆಹೊರೆಯವರ ನಿಜವಾದ ಕರಾರುಪತ್ರಗಳು. ಪುಡಿಂಗ್ ಲೇನಿನ ಒಲೆಯನ್ನು ಆ ರಾತ್ರಿ ಸರಿಯಾಗಿ ನಂದಿಸಿದ್ದರೋ ಇಲ್ಲವೋ ಎಂಬುದನ್ನು ಯಾವ ನ್ಯಾಯಾಲಯವೂ ಇತ್ಯರ್ಥಪಡಿಸಲಿಲ್ಲ.